ಮನೆಯ ಚಾರ್ಜರೂ ಸರಕಾರದ ಔದಾರ್ಯವೂ

ವಿದ್ಯುತ್ ವಾಹನಗಳಿಗೆ ಸರಕಾರದವರು ಧನಸಹಾಯ ಮಾಡುತ್ತಿರುವುದು ಸ್ತುತ್ಯವೇ ಸರಿ. ಆದರೆ 2024ರ ಪಿ.ಎಂ. ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಗಳಲ್ಲಿ ಚಾರ್ಜಿಂಗಿಗೆಂದು ತೆಗೆದಿಟ್ಟ 2,000 ಕೋಟಿಯು ಸಾರ್ವಜನಿಕ ಕೇಂದ್ರಗಳ ಪಾಲು. ಸ್ವಗೃಹದಲ್ಲಿ ಚಾರ್ಜರು ಹಾಕಿಸುವ ಗೃಹಸ್ಥನಿಗಲ್ಲ.

ಆತನಿಗೆ ಭಾರವಾಗುವುದು ಯಂತ್ರದ ಬೆಲೆಯೊಂದೇ ಅಲ್ಲ. 7 ಕಿಲೋವ್ಯಾಟಿನ ಚಾರ್ಜರಿಗೆ ದಪ್ಪ ತಂತಿಯೂ ಸರಿಯಾದ ಅರ್ಥಿಂಗೂ ಬೇಕು. ಮನೆಗೆ ಮಂಜೂರಾದ ಲೋಡು 3 ಕಿಲೋವ್ಯಾಟು ಮಾತ್ರವಿದ್ದರೆ ಅದನ್ನು ಹೆಚ್ಚಿಸಿಕೊಳ್ಳಬೇಕು. ಆಗ ಠೇವಣಿಯೂ ತಿಂಗಳ ನಿಗದಿ ಶುಲ್ಕವೂ ಏರುವುವು. ಬಾಡಿಗೆದಾರನಿಗೂ ಬಹುಮಹಡಿಯ ನಿವಾಸಿಗೂ ಈ ತೊಡಕು ಇಮ್ಮಡಿ.

ವಾಹನಕ್ಕಾಗಿ ಪ್ರತ್ಯೇಕ ಸಂಪರ್ಕ ಪಡೆಯುವ ಹಕ್ಕನ್ನು 2024ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮಗಳು ಕೊಟ್ಟಿವೆ. ಹಕ್ಕು ದೊರೆತ ಮಾತ್ರಕ್ಕೆ ವೆಚ್ಚ ತಗ್ಗದು. ದಿಲ್ಲಿಯು 2020ರ ನೀತಿಯಲ್ಲಿ ಮೊದಲ 30,000 ಖಾಸಗಿ ಚಾರ್ಜಿಂಗ್ ಪಾಯಿಂಟುಗಳಿಗೆ ತಲಾ 6,000 ರೂಪಾಯಿವರೆಗೆ ಸಹಾಯ ಘೋಷಿಸಿತು. 2017ರಲ್ಲಿಯೇ ಎಲ್ಲ ರಾಜ್ಯಗಳಿಗಿಂತ ಮುಂಚೆ ವಿದ್ಯುತ್ ವಾಹನ ನೀತಿಯನ್ನು ಹೊರಡಿಸಿದ ಕರ್ನಾಟಕವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ತಂತಿ ಮತ್ತು ಲೋಡಿನ ವೆಚ್ಚಕ್ಕೂ ಸಹಾಯ ನೀಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಎತ್ತು ಕೊಳ್ಳಲು ಹಣವಿತ್ತು ಕೊಟ್ಟಿಗೆಯನ್ನು ಮರೆತರೆ ಒಕ್ಕಲುತನ ಸಾಗೀತೆ?