ಜೀವ ಉಳಿಯಿತಲ್ಲ, ಇನ್ನೇನು ಬೇಕು?

2018ರ ಫೆಬ್ರುವರಿಯಲ್ಲಿ ಚೆನ್ನೈನ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆ ಸ್ತನದ ಅಂದದ ಶಸ್ತ್ರಚಿಕಿತ್ಸೆಯನ್ನೂ ಬಡವರಿಗೆ ಪುಕ್ಕಟೆ ಮಾಡುತ್ತೇವೆ ಎಂದಾಗ ನಗದವರೇ ಇಲ್ಲ. ಬಡವರಿಗೇಕೆ ಸೌಂದರ್ಯ ಚಿಕಿತ್ಸೆ ಸಿಗಬಾರದು ಎಂದು ತಮಿಳುನಾಡಿನ ಆಗಿನ ಆರೋಗ್ಯ ಸಚಿವ ವಿಜಯಭಾಸ್ಕರ್ ಕೇಳಿದ್ದೇ ಮಹಾಪರಾಧವಾಯಿತು. ಮೊದಲು ಜೀವ ಉಳಿಸಿ, ಅಂದ ಆಮೇಲೆ ಎಂದು ಬುದ್ಧಿವಂತರೆಲ್ಲ ಉಪದೇಶಕ್ಕೆ ಕೂತರು. ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರಿಗೆ ಅದನ್ನು ಮತ್ತೆ ಕಟ್ಟಿಕೊಡುವ ಕೆಲಸ ಅದೇ ಆಸ್ಪತ್ರೆಯಲ್ಲಿ ಅದಕ್ಕೂ ಮೊದಲೇ ನಡೆಯುತ್ತಿತ್ತು. ನಗರದ ಪ್ಯಾರೀಸ್ ಕಾರ್ನರ್‌ನಿಂದ ಆಟೋ ಹತ್ತಿದರೆ ಸ್ವಲ್ಪವೇ ದೂರ. ಹೋಗಿ ವಿಚಾರಿಸುವ ಪುರುಸೊತ್ತು ಯಾರಿಗಿತ್ತು?

ಇದೇ ತಮಿಳುನಾಡಿನಲ್ಲಿ 2006ರಲ್ಲಿ ಕಲರ್ ಟಿವಿ, 2011ರಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನು ಪುಕ್ಕಟೆ ಬಂದವು. ಅವು ಸಮಾಜ ಕಲ್ಯಾಣ. ಮರೀನಾ ಕಡಲತೀರದಲ್ಲಿ ಸತ್ತ ನಾಯಕರಿಗೆ ಕಟ್ಟಿದ ಅಮೃತಶಿಲೆಯ ಸ್ಮಾರಕಗಳು ಅತ್ಯಗತ್ಯ ವೆಚ್ಚ. ಬದುಕಿರುವ ಹೆಣ್ಣಿನ ಎದೆ ಮಾತ್ರ ಐಷಾರಾಮ!

ಸರಿ, ಜೀವದ ಲೆಕ್ಕವನ್ನೇ ಹಾಕೋಣ. ಸ್ತನ ಕ್ಯಾನ್ಸರಿನ ಗಡ್ಡೆ ಸಣ್ಣದಿರುವಾಗ ಅಷ್ಟನ್ನೇ ತೆಗೆದು ವಿಕಿರಣ ಕೊಟ್ಟರೂ, ಸ್ತನವನ್ನೇ ಪೂರ್ತಿ ತೆಗೆದರೂ ಆಯುಸ್ಸು ಅಷ್ಟೇ. ಅಮೆರಿಕದ ಫಿಶರ್, ಇಟಲಿಯ ವೆರೊನೇಸಿ ಎಂಬ ಶಸ್ತ್ರವೈದ್ಯರಿಬ್ಬರೂ ರೋಗಿಗಳನ್ನು ಇಪ್ಪತ್ತು ವರ್ಷ ಗಮನಿಸಿ 2002ರಲ್ಲಿ ಹೇಳಿದ ಮಾತಿದು. ಇಪ್ಪತ್ತು ವರ್ಷ! ಆದರೂ ನಮ್ಮ ಬಡ ಹೆಂಗಸಿನ ಸ್ತನ ಪೂರ್ತಿ ಹೋಗುತ್ತದೆ. ಉಳಿಸಿಕೊಂಡರೆ ಮೂರರಿಂದ ಐದು ವಾರ, ವಾರಕ್ಕೆ ಐದು ದಿನ ವಿಕಿರಣಕ್ಕೆ ಬರಬೇಕು. ದೂರದ ತಾಳವಾಡಿಯ ಕೂಲಿ ಹೆಂಗಸು ಅಷ್ಟು ದಿನ ಎಲ್ಲಿ ಉಳಿದಾಳು? ಮನೆ ಯಾರು ನೋಡಿಯಾರು? ಒಂದೇ ಏಟಿಗೆ ತೆಗೆದುಬಿಡಿ ಡಾಕ್ಟ್ರೇ, ಅನ್ನುತ್ತಾಳೆ. ರೋಗಿಯ ಆಯ್ಕೆ ಎಂದು ನಾವು ಫೈಲಿನಲ್ಲಿ ಬರೆದುಕೊಳ್ಳುತ್ತೇವೆ. ಉಳಿತಾಯವಾದದ್ದು ಸರ್ಕಾರಕ್ಕೆ, ತೆತ್ತವಳು ಅವಳು. ಬೆಳೆದ ಮಗಳ ಮುಂದೆ ರವಿಕೆ ಬದಲಿಸಲು ಹಿಂಜರಿಯುವುದು, ಒಂದು ಬದಿಗೆ ಬಟ್ಟೆಯ ಉಂಡೆ ತುರುಕಿಕೊಂಡು ಮದುವೆಮನೆಗೆ ಹೋಗುವುದು ಯಾವ ಇಲಾಖೆಯ ಲೆಕ್ಕಕ್ಕೂ ಬರುವುದಿಲ್ಲ.

ಸ್ತನ ತೆಗೆಯುವ ಖರ್ಚು ಭರಿಸುವ ವಿಮೆ ಅದನ್ನು ಮತ್ತೆ ರೂಪಿಸುವ ಖರ್ಚನ್ನೂ, ಇನ್ನೊಂದನ್ನು ಅದಕ್ಕೆ ಸರಿಹೊಂದಿಸುವ ಖರ್ಚನ್ನೂ ಭರಿಸಬೇಕೆಂದು ಅಮೆರಿಕ 1998ರಲ್ಲೇ ಕಾನೂನು ಮಾಡಿತು. ಎಲ್ಲದಕ್ಕೂ ಲಾಭ ನಷ್ಟ ನೋಡುವ ದೇಶ ಅದು; ಅಲ್ಲಿನ ಕಾನೂನು ಇದನ್ನು ಶೋಕಿ ಅನ್ನಲಿಲ್ಲ.

ಚೆನ್ನೈಗೆ ಹೇಳುವಷ್ಟೇ ಗಟ್ಟಿಯಾಗಿ ಬೆಂಗಳೂರಿಗೂ ಹೇಳಬೇಕು. ವಿಕಿರಣದ ಅಷ್ಟೂ ದಿನ ವಸತಿ, ಊಟ, ಕಳೆದುಹೋದ ಕೂಲಿ ಕೊಡಿ. ಸ್ತನ ತೆಗೆಯಲೇಬೇಕಾದವಳಿಗೆ ಅದನ್ನು ಮತ್ತೆ ಕಟ್ಟಿಕೊಡುವುದನ್ನು ಅದೇ ಚಿಕಿತ್ಸೆಯ ಭಾಗವಾಗಿ ಬರೆಯಿರಿ. ದುಡ್ಡಿಲ್ಲ ಎನ್ನುವವರು ಮುಂದಿನ ಸ್ಮಾರಕದ ಟೆಂಡರು ಕರೆಯುವ ಮೊದಲು ಹೇಳಲಿ.