ಬೇಡವಾದ ಸಾಬೂನಿನ ಸದ್ವಿನಿಯೋಗ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಅದು ಸ್ತ್ರೀವಿದ್ಯೆಯ ಪ್ರಯೋಜನವನ್ನೋ ಶಿಸ್ತಿನ ಆವಶ್ಯಕತೆಯನ್ನೋ ಕುರಿತದ್ದಾಗಿರಬೇಕೆಂದು ವಾಚಕರು ಎಣಿಸುವುದು ಸಹಜವೇ. ಈ ಸಲ ನಾವಾದರೋ ಸಾಬೂನನ್ನು ಕುರಿತು ಬರೆಯಲು ಕುಳಿತಿದ್ದೇವೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಮನೆವಾರ್ತೆಯನ್ನು ನಡೆಸಿ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳನ್ನು ನಮ್ಮ ವಶಕ್ಕೊಪ್ಪಿಸಿರುವ ತಾಯಿತಂದೆಗಳೂ ಕಡೆಯವರೆಗೆ ಓದಿದರೆ ಹಾಗೆನ್ನಲಾರರೆಂದು ನಂಬುತ್ತೇವೆ.

ಕಳೆದ ವರ್ಷ ಮಳೆಗಾಲವು ಮುಗಿದ ಮೇಲೆ ಒಂದು ಶನಿವಾರ, ಸುಣ್ಣ ಬಳಿಸುವ ನಿಮಿತ್ತವಾಗಿ ನಮ್ಮ ಕೊಠಡಿಯ ಬೀರುವನ್ನು ಬರಿದು ಮಾಡಬೇಕಾಯಿತು. ಅದರ ಮೇಲಿನ ಅರೆಯಿಂದ ಸಾಬೂನಿನ ಬಿಲ್ಲೆಗಳು ಒಂದೊಂದಾಗಿ ಹೊರಬಂದವು. ವಾರ್ಷಿಕೋತ್ಸವಕ್ಕೆ ಬಂದವರು ಕೊಟ್ಟವು ಕೆಲವು. ಹೊಸ ವರ್ಷದ ಉಡುಗೊರೆಗಳು ಕೆಲವು. ಶಿಕ್ಷಕರ ಸಭೆಗಳಿಗೆ ಹೋದಾಗ ಇಳಿದುಕೊಂಡ ಹೋಟೆಲುಗಳಿಂದ ಚೀಲ ಸೇರಿದ ಪುಟ್ಟ ಬಿಲ್ಲೆಗಳು ಕೆಲವು. ಒಂದರ ಪರಿಮಳವು ನಮಗೆ ಹಿಡಿಸಿರಲಿಲ್ಲ, ಇನ್ನೊಂದು ಚರ್ಮಕ್ಕೆ ಒಗ್ಗಿರಲಿಲ್ಲ, ಮತ್ತೊಂದನ್ನು ಯಾರಾದರೂ ಅತಿಥಿಗಳು ಬಂದಾಗ ಬೇಕಾದೀತೆಂದು ತೆಗೆದಿರಿಸಿ ಮರೆತಿದ್ದೆವು. ಎಣಿಸಿ ನೋಡಲಾಗಿ 63 ಬಿಲ್ಲೆಗಳಾದವು.

ಅದೇ ದಿನ ಸಾಯಂಕಾಲ ವಿದ್ಯಾರ್ಥಿನಿಲಯದ ಹಿಂಭಾಗದಲ್ಲಿರುವ ಒಗೆಯುವ ಕಲ್ಲಿನ ಕಡೆಗೆ ಹೋದೆವು. ಉಳಿದವರೆಲ್ಲರೂ ಹೋದ ಮೇಲೆ ಎಂಟನೆಯ ತರಗತಿಯ ಒಬ್ಬ ಬಾಲಿಕೆಯು ಒಂದು ಬಟ್ಟೆಯನ್ನು ಬರಿಯ ನೀರಿನಲ್ಲಿ ಉಜ್ಜಿ ಉಜ್ಜಿ ಒಗೆಯುತ್ತಿದ್ದಳು. ನಮ್ಮನ್ನು ಕಂಡೊಡನೆ ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು. ಅದು ಎಂತಹ ಬಟ್ಟೆಯೆಂಬುದನ್ನು ತಾಯಂದಿರಿಗೆ ವಿವರಿಸಬೇಕಾದುದಿಲ್ಲ.

“ಸಾಬೂನು ಎಲ್ಲಿ, ಮಗೂ?” ಎಂದು ಕೇಳಿದೆವು.

“ಮುಗಿದಿದೆ, ಟೀಚರ್. ಬರುವ ಆದಿತ್ಯವಾರ ಅಪ್ಪ ತರುತ್ತಾರೆ.”

“ಮೇಟ್ರನ್ ಅಮ್ಮನವರನ್ನು ಕೇಳಬಾರದಾಗಿತ್ತೇ?” ಎಂದುದಕ್ಕೆ ಅವಳು ತಲೆ ತಗ್ಗಿಸಿದಳೇ ಹೊರತು ಉತ್ತರ ಕೊಡಲಿಲ್ಲ.

ಆ ಕಲ್ಲಿಗೂ ನಮ್ಮ ಬೀರುವಿಗೂ ನೂರು ಹೆಜ್ಜೆಯ ಅಂತರವೂ ಇಲ್ಲ. ಆರೋಗ್ಯಶಾಸ್ತ್ರದ ಪಾಠದಲ್ಲಿ ಅಂತಹ ಬಟ್ಟೆಯನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸತಕ್ಕದ್ದೆಂದು ವರುಷ ವರುಷವೂ ಬೋಧಿಸುತ್ತಲೇ ಬಂದಿರುವ ನಾವು, ಸಾಬೂನು ಇಲ್ಲದವಳು ಏನು ಮಾಡಬೇಕೆಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಈ ತಪ್ಪು ನಮ್ಮದೇ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ನಮ್ಮ ಬೀರುವಿನಂತಹ ಬೀರು ಈಗ ಅನೇಕ ಮನೆಗಳಲ್ಲಿ ಉಂಟು. ಹಿಂದೆ ಹೀಗಿರಲಿಲ್ಲ. ನಮ್ಮ ಹಿರಿಯರು ತಲೆಗೆ ಸೀಗೆಕಾಯಿಯನ್ನೂ, ಮೈಗೆ ಕಡಲೆಹಿಟ್ಟನ್ನೂ, ಬಟ್ಟೆಗೆ ಅಂಟುವಾಳವನ್ನೂ ಚೌಳುಮಣ್ಣನ್ನೂ, ಪಾತ್ರೆಗೆ ಬೂದಿಯನ್ನೂ ಉಪಯೋಗಿಸುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಶ್ರೀಗಂಧದ ಮರವನ್ನು ಯುರೋಪಿಗೆ ಕಳುಹಿಸುವುದು ಕಷ್ಟವಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಉದ್ಯಮವು ಆರಂಭವಾಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರಕಾರದ ಸಾಬೂನಿನ ಕಾರ್ಖಾನೆಯು ಹುಟ್ಟಿ, ಮೈಸೂರು ಸ್ಯಾಂಡಲ್ ಸಾಬೂನು ಲೋಕಪ್ರಸಿದ್ಧವಾಯಿತು. ಆ ಬಿಲ್ಲೆಯನ್ನು ಡಬ್ಬಿಯೊಡನೆ ಪೆಟ್ಟಿಗೆಯಲ್ಲಿ ರೇಷ್ಮೆಸೀರೆಗಳ ನಡುವೆ ಇಟ್ಟು, ಮದುವೆಯ ದಿನಕ್ಕೆಂದು ಕಾಯ್ದುಕೊಳ್ಳುತ್ತಿದ್ದ ಅಜ್ಜಿಯರನ್ನು ನಮ್ಮಲ್ಲಿ ಹಲವರು ಬಲ್ಲೆವು. ನಾವು ಬೋರ್ಡಿಂಗಿನಲ್ಲಿ ಓದುತ್ತಿದ್ದ ಕಾಲದಲ್ಲಿಯೂ ಒಗೆಯುವ ಸಾಬೂನಿನ ಉದ್ದನೆಯ ಕಡ್ಡಿಯನ್ನು ಮೇಟ್ರನ್ ಅಮ್ಮನವರು ನೂಲಿನಿಂದ ಕೊಯ್ದು, ತಲೆಗೊಂದು ತುಂಡಿನಂತೆ ಹಂಚುತ್ತಿದ್ದರು. ಅದು ತಿಂಗಳಿಗೆ ಸಾಕಾಗಬೇಕಾಗಿತ್ತು. ಕಲ್ಲಿನ ಮೇಲೆ ಮರೆತುಹೋದರೆ ಕಾಗೆಯು ಕಚ್ಚಿಕೊಂಡು ಹಾರುವುದು. ನೀರಿನಲ್ಲಿ ಬಿಟ್ಟರೆ ಕರಗಿಹೋಗುವುದು. ಆದುದರಿಂದ ಸಾಬೂನನ್ನು ಜೋಪಾನ ಮಾಡುವುದು ಯಾರೂ ಹೇಳಿಕೊಡದೆಯೇ ಬಂದ ವಿದ್ಯೆಯಾಗಿತ್ತು.

ಈಗ ಸೀಸೆಯಲ್ಲಿ ತುಂಬಿದ ದ್ರವಸಾಬೂನು ಮನೆಮನೆಗೂ ಬಂದಿದೆ. 2020ರಲ್ಲಿ ಕೋವಿಡ್ ವ್ಯಾಧಿಯು ಹರಡಿದಾಗಲಂತೂ ಕೈತೊಳೆಯುವ ಪದಾರ್ಥಗಳನ್ನು ಜನರು ಕಂಡಷ್ಟು ಕೊಂಡುಕೊಂಡರು. ಬಿಲ್ಲೆಯನ್ನು ಉಡುಗೊರೆಯಾಗಿ ಕೊಡುವ ಪದ್ಧತಿಯು ಉಳಿಯಿತು. ಉಪಯೋಗಿಸುವ ಪದ್ಧತಿಯು ಕಡಿಮೆಯಾಯಿತು. ಹೀಗೆ ಒಂದು ಕಡೆ ಬಿಲ್ಲೆಗಳು ಕೂಡುತ್ತಿರಲಾಗಿ, ಇನ್ನೊಂದು ಕಡೆ ಸವೆದ ಚೂರುಗಳು ಬಚ್ಚಲಿನಲ್ಲಿ ಕರಗಿ ಹೋಗುತ್ತಿವೆ.

ಇವೆರಡನ್ನೂ ಏನು ಮಾಡಬೇಕು? ಲೋಕದ ರೂಢಿಯೇನೆಂದರೆ, ಅಖಂಡವಾದದ್ದನ್ನು ತಮಗೆಂದು ಇಟ್ಟುಕೊಂಡು, ಸವೆದದ್ದನ್ನೂ ಹಳತನ್ನೂ ಕೆಲಸದವರಿಗೂ ಬಡವರಿಗೂ ಕೊಡುವುದು. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾದದ್ದು. ಕಾಗದ ಬಿಚ್ಚದ ಬಿಲ್ಲೆಗಳೆಲ್ಲವೂ ಹೊರಗೆ ಹೋಗಲಿ. ಚೂರುಗಳೆಲ್ಲವೂ ನಮ್ಮ ಮನೆಯಲ್ಲಿಯೇ ಇರಲಿ.

ಚೂರುಗಳನ್ನು ಇತರರಿಗೆ ಕೊಡಬಾರದೆನ್ನುವುದು ರೋಗದ ಭಯದಿಂದಲ್ಲ. 1988ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬಿಲ್ಲೆಗಳಿಗೆ ಬೇಕೆಂದೇ ಅಣುಜೀವಿಗಳನ್ನು ಸವರಿ 16 ಮಂದಿಗೆ ಕೈತೊಳೆಯಲು ಕೊಟ್ಟರು. ತೊಳೆದ ಮೇಲೆ ಯಾರ ಕೈಯಲ್ಲಿಯೂ ಅವು ಕಾಣಸಿಕ್ಕಲಿಲ್ಲ. ಅಮೆರಿಕದ ಒರ್ಲಾಂಡೊ ನಗರದಲ್ಲಿ 2009ರಲ್ಲಿ ಸ್ಥಾಪಿತವಾದ ಕ್ಲೀನ್ ದಿ ವರ್ಲ್ಡ್ ಎಂಬ ಸಂಸ್ಥೆಯು ಹೋಟೆಲುಗಳಲ್ಲಿ ಅತಿಥಿಗಳು ಬಿಟ್ಟುಹೋದ ಸಾಬೂನನ್ನು ಕೂಡಿಸಿ, ಶುದ್ಧಿಮಾಡಿ, ಅರೆದು, ಹೊಸ ಬಿಲ್ಲೆಗಳಾಗಿ ಒತ್ತಿ, ಇಲ್ಲದವರಿಗೆ ಕಳುಹಿಸುತ್ತದೆ. ಅದು ಮೆಚ್ಚತಕ್ಕ ಕಾರ್ಯವೇ. ಆದರೆ ಅಲ್ಲಿಯೂ ಪಡೆಯುವವರ ಕೈಗೆ ಬರುವುದು ಹೊಸ ಬಿಲ್ಲೆಯೇ ಹೊರತು ಇನ್ನೊಬ್ಬರು ಮೈಗೆ ಉಜ್ಜಿಕೊಂಡ ಚೂರಲ್ಲವೆಂಬುದನ್ನು ಗಮನಿಸಬೇಕು. ಕೊಡುವ ವಸ್ತುವಿನ ಜೊತೆಯಲ್ಲಿ ಕೊಳ್ಳುವವರ ಮರ್ಯಾದೆಯೂ ಹೋಗಿ ಸೇರಬೇಕು.

ಹಾಗಾದರೆ ಮನೆಯಲ್ಲಿ ಉಳಿಯುವ ಚೂರುಗಳ ಗತಿಯೇನು? ನಾವು ಮಾಡಿ ನೋಡಿದ ಕೆಲವು ಉಪಾಯಗಳನ್ನು ಹೇಳುತ್ತೇವೆ. ಎಲ್ಲಕ್ಕಿಂತ ಸುಲಭವಾದದ್ದು, ಹಳೆಯ ಚೂರನ್ನೂ ಹೊಸ ಬಿಲ್ಲೆಯನ್ನೂ ಚೆನ್ನಾಗಿ ನೆನೆಯಿಸಿ, ಒಂದಕ್ಕೊಂದನ್ನು ಒತ್ತಿ ರಾತ್ರಿಯೆಲ್ಲಾ ಒಣಗಲು ಬಿಡುವುದು. ಬೆಳಗಾಗುವಷ್ಟರಲ್ಲಿ ಎರಡೂ ಒಂದಾಗಿರುವುವು. ತೀರ ಸಣ್ಣ ಚೂರುಗಳನ್ನು ತೆಳುವಾದ ಬಟ್ಟೆಯ ಚೀಲದಲ್ಲಿ ಹಾಕಿ ನಲ್ಲಿಗೆ ತೂಗಹಾಕಿದರೆ, ಒದ್ದೆಯ ಕೈಯಿಂದ ಉಜ್ಜಿದೊಡನೆ ನೊರೆ ಬರುವುದು. ನೀರು ಸೋರಿಹೋಗಿ ಚೀಲವು ಒಣಗುವುದರಿಂದ ಸಾಬೂನು ಕೊಳೆತು ಕರಗುವುದಿಲ್ಲ. ಬಟ್ಟೆ ಒಗೆಯುವ ಡಿಟರ್ಜೆಂಟ್ ಬಾರಿನ ಚೂರನ್ನು ಮಾತ್ರ ಇದರೊಡನೆ ಸೇರಿಸಬಾರದು. ಅದು ಎಳೆಯ ಕೈಗಳಿಗೆ ಉರಿಯನ್ನುಂಟುಮಾಡೀತು.

ಚೂರುಗಳು ಹೆಚ್ಚಾಗಿದ್ದರೆ ತುರಿಮಣೆಯಲ್ಲಿ ತುರಿದು ಬಿಸಿನೀರಿನಲ್ಲಿ ಕದಡಿಟ್ಟರೆ ನೆಲ ಒರೆಸುವುದಕ್ಕೂ ಕಾಲೊರಸುಗಳನ್ನು ಒಗೆಯುವುದಕ್ಕೂ ಆಗುವುದು. ಕೊಳವೆಬಾವಿಯ ಗಡುಸು ನೀರಿನಲ್ಲಿ ಸಾಬೂನು ನೊರೆ ಕೊಡದೆ ಬಿಳಿಯ ಗಸಿಯಾಗಿ ಬಟ್ಟೆಗೆ ಅಂಟಿಕೊಳ್ಳುವುದುಂಟು. ಆ ನೀರಿನ ಸುಣ್ಣದ ಅಂಶವು ಸಾಬೂನಿನೊಡನೆ ಕೂಡುವುದೇ ಇದಕ್ಕೆ ಕಾರಣ. ಸ್ವಲ್ಪ ಒಗೆಯುವ ಸೋಡಾ ಹಾಕಿದರೆ ನೀರು ಮೆತ್ತಗಾಗುವುದು. ಮಳೆಯ ನೀರಾದರೆ ಆ ಚಿಂತೆಯೇ ಇಲ್ಲ. ಸೌದೆಯ ಒಲೆಯ ಮೇಲಿಡುವ ಪಾತ್ರೆಯ ಹೊರತಳಕ್ಕೆ ಒದ್ದೆಸಾಬೂನನ್ನು ಮುಂಚಿತವಾಗಿ ಸವರಿದರೆ ಮಸಿಯು ಹೆಚ್ಚು ಉಜ್ಜದೆಯೇ ಬಿಡುವುದು. ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಮೇಜಿನ ಖಾನೆಗೂ, ಜಗ್ಗಿದರೂ ಬಾರದ ಚೀಲದ ಜಿಪ್ಪಿಗೂ ಒಣಸಾಬೂನನ್ನು ಉಜ್ಜಿದರೆ ಸರಾಗವಾಗುವುದು. ಹೊಲಿಗೆಯ ತರಗತಿಯಲ್ಲಂತೂ ತೆಳ್ಳಗೆ ಸವೆದು ಒಣಗಿದ ಚೂರಿಗೆ ಮಿಗಿಲಾದ ಬಳಪವಿಲ್ಲ. ಕಪ್ಪು, ನೀಲಿ ಬಟ್ಟೆಗಳ ಮೇಲೆ ಗೆರೆ ಸ್ಪಷ್ಟವಾಗಿ ಮೂಡಿ, ಒಗೆದಾಗ ಗುರುತಿಲ್ಲದೆ ಹೋಗುವುದು. ನಮ್ಮ ಹುಡುಗಿಯರು ಈಗ ಅಂಗಡಿಯ ಬಳಪವನ್ನು ಕೊಳ್ಳುವುದನ್ನೇ ಬಿಟ್ಟಿದ್ದಾರೆ.

ಇನ್ನು ಆ 63 ಬಿಲ್ಲೆಗಳ ವಿಷಯ. ಮೊದಲು ಅವನ್ನು ಪಟ್ಟಿಮಾಡಿ, ಕೇಳಿದವರಿಗೆ ಸಹಿ ಹಾಕಿಸಿಕೊಂಡು ಕೊಡಬೇಕೆಂದೆಣಿಸಿದ್ದೆವು. ಆದರೆ ತಲೆ ತಗ್ಗಿಸಿದ ಆ ಮುಖವು ನೆನಪಿಗೆ ಬಂದಿತು. ಕೇಳುವುದೇ ಕಷ್ಟವಾದವಳಿಗೆ ಸಹಿ ಹಾಕುವುದು ಇನ್ನೆಷ್ಟು ಕಷ್ಟವಾದೀತು! ಆದಕಾರಣ ಬಚ್ಚಲುಮನೆಗಳ ಓಣಿಯಲ್ಲಿ, ಕದವಿರುವ ಒಂದು ಚಿಕ್ಕ ಪೆಟ್ಟಿಗೆಯನ್ನು ಗೋಡೆಗೆ ಹೊಡೆಯಿಸಿ, ಬಿಲ್ಲೆಗಳನ್ನು ಅದರಲ್ಲಿ ತುಂಬಿಸಿದೆವು. ಬೀಗವಿಲ್ಲ, ಪುಸ್ತಕವಿಲ್ಲ, ಯಾರೂ ಕಾಯುವುದಿಲ್ಲ. ಬೇಕಾದವಳು ತೆಗೆದುಕೊಳ್ಳಬಹುದು. ಹಗಲು ಶಾಲೆಗೆ ಬಂದು ಹೋಗುವ ಹುಡುಗಿಯರಿಗೂ ಹೀಗೆಯೇ.

ಸಹೋದ್ಯೋಗಿಗಳಲ್ಲಿ ಒಬ್ಬರು, ಹೀಗೆ ಮಾಡಿದರೆ ಒಂದು ವಾರದಲ್ಲಿ ಪೆಟ್ಟಿಗೆ ಬರಿದಾಗುವುದೆಂದು ಎಚ್ಚರಿಸಿದರು. ಅವರ ಮಾತು ಸುಳ್ಳಾಗಲಿಲ್ಲ. ಒಂಬತ್ತನೆಯ ದಿನಕ್ಕೆ ಪೆಟ್ಟಿಗೆಯು ಬರಿದಾಯಿತು. ಕೆಲವರು ಎರಡು ಮೂರು ಬಿಲ್ಲೆಗಳನ್ನು ಒಯ್ದಿರಲೂಬಹುದು. ಮನೆಯಲ್ಲಿರುವ ತಂಗಿಗಾಗಿಯೋ ತಾಯಿಗಾಗಿಯೋ ಒಯ್ದಿದ್ದರೆ ನಾವು ಅದನ್ನು ಕಳವೆನ್ನಲಾರೆವು. ಮತ್ತೆ ತುಂಬಿಸಿದೆವು. ಎರಡನೆಯ ಸಲ ಅದು ಆರು ವಾರ ಬಂದಿತು. ಪೆಟ್ಟಿಗೆಯು ನಾಳೆಯೂ ಇರುವುದೆಂಬ ನಂಬಿಕೆ ಹುಟ್ಟಿದ ಮೇಲೆ ಕೂಡಿಡುವ ಆಸೆ ತಾನಾಗಿ ತಗ್ಗಿತೆಂದು ನಾವು ತಿಳಿಯುತ್ತೇವೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ನಿಮ್ಮಲ್ಲಿ ನಮ್ಮ ಬಿನ್ನಹವಿಷ್ಟೇ. ಈ ಸಂಚಿಕೆಯನ್ನು ಮುಚ್ಚಿಟ್ಟ ಮೇಲೆ ನಿಮ್ಮ ಬೀರುವನ್ನು ಒಮ್ಮೆ ತೆರೆದು ನೋಡಿರಿ. ಕಾಗದ ಬಿಚ್ಚದ ಬಿಲ್ಲೆಗಳಿದ್ದರೆ, ಪರಿಮಳವು ಸ್ವಲ್ಪ ತಗ್ಗಿದ್ದರೂ ಸರಿಯೇ, ಕೊಳೆ ತೆಗೆಯುವ ಶಕ್ತಿಯು ಅಷ್ಟು ಬೇಗನೆ ತಗ್ಗುವುದಿಲ್ಲ. ಒಣಗಿ ಗಟ್ಟಿಯಾದ ಬಿಲ್ಲೆಯು ಹೆಚ್ಚು ದಿನ ಬರುವುದು ಕೂಡ. ಎಣ್ಣೆಕಮಟು ಹತ್ತಿದ್ದರೆ ಮಾತ್ರ ಅದನ್ನು ನೆಲ ಒರೆಸಲು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ. ಉಳಿದವನ್ನು ನಮ್ಮ ಪೆಟ್ಟಿಗೆಗೇ ಕಳುಹಿಸಬೇಕೆಂಬ ನಿರ್ಬಂಧವಿಲ್ಲ. ನಿಮ್ಮ ಊರಿನ ಶಾಲೆಯಲ್ಲಿಯೂ ನಲ್ಲಿಯುಂಟು; ಅದರ ಪಕ್ಕದಲ್ಲಿ ಸಾಬೂನು ಉಂಟೇ ಎಂದು ಹೋಗಿ ನೋಡಿರಿ. ಇಲ್ಲದಿದ್ದರೆ ಒಂದು ಬಿಲ್ಲೆಯನ್ನಿಟ್ಟು ಬನ್ನಿರಿ. ಯಾರು ಇಟ್ಟರೆಂದು ಹೇಳಬೇಕಾಗಿಲ್ಲ.

ಆ ಎಂಟನೆಯ ತರಗತಿಯ ಬಾಲಿಕೆಯು ಈಗ ಒಂಬತ್ತನೆಯದರಲ್ಲಿದ್ದಾಳೆ. ಅವಳು ಪೆಟ್ಟಿಗೆಯನ್ನು ತೆರೆದಳೋ ಇಲ್ಲವೋ ನಾವು ಕೇಳಿಲ್ಲ, ಕೇಳುವುದೂ ಇಲ್ಲ.