ಸೊಪ್ಪಿನವಳ ಕೂಗು, ಸಂಘದವರ ಶಾಂತಿ

ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಶಾಂತಿ ಬೇಕಂತೆ. ಭಾನುವಾರ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಸುತ್ತೋಲೆ ಬಂತು. ತರಕಾರಿ ಗಾಡಿಯವರು, ಸೊಪ್ಪಿನವರು, ಹಳೇ ಪೇಪರ್‌ನವರು ಇನ್ನು ಮುಂದೆ ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ ಬಂದು ಹೋಗಬೇಕು. ಮೈಕ್ ಹಾಕಬಾರದು, ಕೂಗಬಾರದು. ಕೂಗದೆ ಸೊಪ್ಪು ಮಾರುವುದು ಹೇಗೆ ಎಂಬುದು ಸುತ್ತೋಲೆಯಲ್ಲಿಲ್ಲ. ಅದರ ಕೆಳಗೆ ಸಾಲುಸಾಲಾಗಿ ಮೇಲೆತ್ತಿದ ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು, ‘ವೆಲ್ ಸೆಡ್ ಸರ್’.

ಶಬ್ದಮಾಲಿನ್ಯ ನಿಯಮ 2000ರ ಉಲ್ಲೇಖವೂ ಇತ್ತು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ನಿಜವೇ. ಅನುಮತಿಯಿಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದೂ ಆ ನಿಯಮದಲ್ಲೇ ಇದೆ. ಆದ್ದರಿಂದ ಗಾಡಿಯ ಮೇಲೆ ಡಬ್ಬಿ ಸ್ಪೀಕರ್ ಕಟ್ಟಿ, ‘ಟೊಮೇಟೊ ಮೂವತ್ತು, ಈರುಳ್ಳಿ ನಲವತ್ತು’ ಎಂದು ಒಂದೇ ರೆಕಾರ್ಡನ್ನು ಬೀದಿಯುದ್ದಕ್ಕೂ ಬಿಡುವವನ ಪರ ನಾನು ವಾದಿಸಲಾರೆ. ಆದರೆ ಬೀದಿ ವ್ಯಾಪಾರಿಗಳ ಕಾಯ್ದೆ ಅಂತಲೂ ಒಂದಿದೆ, 2014ರದ್ದು. ಯಾರು ಎಲ್ಲಿ ಮಾರಬೇಕು ಎಂದು ಗೊತ್ತುಮಾಡಬೇಕಾದ್ದು ಪಾಲಿಕೆ ಮತ್ತು ಪಟ್ಟಣ ಮಾರಾಟ ಸಮಿತಿ. ಆ ಸಮಿತಿಯಲ್ಲಿ ಕಡಿಮೆಯೆಂದರೂ ಶೇಕಡಾ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ಗೆ ಆ ಅಧಿಕಾರ ಯಾವ ಕಲಮಿನಲ್ಲೂ ಇಲ್ಲ. ಇದನ್ನು ಗುಂಪಿನಲ್ಲಿ ಹಾಕಿದೆ. ಒಂದು ಹೆಬ್ಬೆರಳೂ ಏಳಲಿಲ್ಲ.

ನಾನಿರುವುದು ಕೆಂಗೇರಿ ಉಪನಗರದ ಆಚೆ ತುದಿ. ಇಲ್ಲಿ ಬೆಳಗಿನ ಜಾವ ಮೂರಕ್ಕೆ ಕಂಪನಿ ಕ್ಯಾಬು ಬಂದು ಹಾರ್ನ್ ಹೊಡೆಯುತ್ತದೆ. ಐದಕ್ಕೆ ನೀರಿನ ಟ್ಯಾಂಕರಿನವನು ರಿವರ್ಸ್ ಹಾಕುತ್ತಾನೆ, ಅದರ ಜೊತೆ ಒಂದು ಸಿನಿಮಾ ಹಾಡೂ ಇರುತ್ತದೆ. ಮಾರ್ಚ್ ಬಂದರೆ ಯಾರದೋ ಸೈಟಿನಲ್ಲಿ ಬೋರ್‌ವೆಲ್ ಲಾರಿ ಇಡೀ ರಾತ್ರಿ ಭೂಮಿ ಕೊರೆಯುತ್ತದೆ. ಕರೆಂಟು ಹೋದರೆ ಅಪಾರ್ಟ್‌ಮೆಂಟಿನ ಜನರೇಟರು. ಇವು ಯಾವುದರ ಮೇಲೂ ಈವರೆಗೆ ಸುತ್ತೋಲೆ ಹೊರಟಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಹೆಂಗಸಿನ ಗಂಟಲಿಗೆ ಮಾತ್ರ ಡೆಸಿಬಲ್ ಲೆಕ್ಕ.

ಇಷ್ಟಕ್ಕೂ ಈ ಶಾಂತಿಯನ್ನು ಯಾರೂ ದುಡಿದು ಸಂಪಾದಿಸಿದ್ದಲ್ಲ. ಜನ ಇಲ್ಲ, ಅದಕ್ಕೇ ಸದ್ದಿಲ್ಲ. ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ದುಡಿಯುವ ವಯಸ್ಸಿನವರೆಲ್ಲ ಗೇಟು ಎಳೆದುಕೊಂಡು ಹೊರಟುಬಿಡುತ್ತಾರೆ. ಉಳಿಯುವುದು ಮುದುಕರು, ಮೂರು ವರ್ಷದ ಕೆಳಗಿನ ಮಕ್ಕಳು, ಮನೆಗೆಲಸದವರು, ಬೀದಿನಾಯಿಗಳು ಮತ್ತು ಅಂಕಣ ಬರೆಯುವವರು. ಹೊರಟುಹೋದವರು ಹಗಲಿನ ಈ ಬೀದಿಯನ್ನು ಕಂಡಿರುವುದು ಸಿಸಿಟಿವಿಯಲ್ಲಿ. ಅಲ್ಲಿ ಕೂತು ಇಲ್ಲಿಯ ಸದ್ದಿಗೆ ವೇಳಾಪಟ್ಟಿ ಹಾಕುತ್ತಾರೆ.

ನಮ್ಮ ಎದುರುಮನೆಯಲ್ಲಿ ಚನ್ನರಾಯಪಟ್ಟಣದ ಕಡೆಯ ಒಬ್ಬ ಅಜ್ಜಿ ಇದ್ದಾರೆ, ಮೊಮ್ಮಗನನ್ನು ನೋಡಿಕೊಳ್ಳಲು ಬಂದವರು. ಹನ್ನೊಂದರ ಸುಮಾರಿಗೆ ತಾವರೆಕೆರೆ ಕಡೆಯಿಂದ ಸೊಪ್ಪಿನವಳು ಬರುತ್ತಾಳೆ. ಅವಳು ‘ದಂಟೂ, ಸಬ್ಬಸ್ಗೇ’ ಎನ್ನುತ್ತ ತಿರುವಿನಲ್ಲಿ ಕಾಣಿಸಿದ ಕೂಡಲೇ ಅಜ್ಜಿ ಚಿಲಕ ತೆಗೆದು ಹೊರಗೆ ಬರುತ್ತಾರೆ. ಬುಟ್ಟಿ ಇಳಿಸಲು ಒಂದು ಕೈ ಕೊಡುತ್ತಾರೆ. ಆಮೇಲೆ ಶುರು.

“ಇಪ್ಪತ್ತು ರೂಪಾಯಾ? ಬಿಚ್ಚಿ ನೋಡಿದ್ರೆ ನಾಲ್ಕು ಕಡ್ಡಿ ಇಲ್ಲವಲ್ಲೇ ಇದ್ರಲ್ಲಿ!”

“ಮಳೆಗೆ ಎಲ್ಲಾ ಕೊಳ್ತೋಗದೆ ಕಣಜ್ಜಿ. ನಿಮ್ಗೆ ಅಂತ ಹೊನಗೊನ್ನೆ ತಂದಿವ್ನಿ, ಕಣ್ಣಿಗೆ ಒಳ್ಳೇದು. ಹದಿನೈದು ಕೊಡಿ.”

“ಹತ್ತು.”

ಚೌಕಾಸಿ ಮುಗಿಯುವುದೇ ಇಲ್ಲ. ನಡುವೆ ಮಂಡಿನೋವು ಬರುತ್ತದೆ, ಸೊಪ್ಪಿನವಳ ಮಗಳ ಬಾಣಂತನ ಬರುತ್ತದೆ, ಮೂಲೆಮನೆಯವರ ಗೇಟು ಎರಡು ದಿನದಿಂದ ತೆರೆದಿಲ್ಲ ಎಂಬ ವರದಿ ಬರುತ್ತದೆ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಸಂಘದ ಕಾರ್ಯದರ್ಶಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಸುತ್ತೋಲೆಯ ವಿಷಯ ತಿಳಿಸಿದಾಗ ಅಜ್ಜಿ, “ಅವಳು ಕೂಗದೇ ಇದ್ರೆ ನಂಗೆ ಗಂಟೆ ಎಷ್ಟಾಯ್ತು ಅಂತಾನೇ ಗೊತ್ತಾಗಲ್ಲ ಕಣಪ್ಪ” ಎಂದರು. ರಾತ್ರಿ ಒಂಬತ್ತರವರೆಗೆ ಆ ಮನೆಯಲ್ಲಿ ದೊಡ್ಡವರೊಬ್ಬರ ಜೊತೆ ಅವರು ಆಡುವ ಮಾತು ಅಷ್ಟೇ.

ಹೆಬ್ಬೆರಳು ಎತ್ತಿದವರಲ್ಲಿ ಅವರ ಮಗನೂ ಒಬ್ಬ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕಚೇರಿ ಪಟ್ಟಂದೂರು ಅಗ್ರಹಾರದ ಹತ್ತಿರ. ಅಂದರೆ ಮೆಟ್ರೊದ ನೇರಳೆ ಮಾರ್ಗವನ್ನು ಈ ಕೊನೆಯಿಂದ ಆ ಕೊನೆಯವರೆಗೆ ಹೆಚ್ಚುಕಡಿಮೆ ಪೂರ್ತಿ ಅಳೆಯಬೇಕು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ 43 ಕಿಲೋಮೀಟರ್ ಚಿಲ್ಲರೆ, 37 ನಿಲ್ದಾಣ. 2023ರ ಅಕ್ಟೋಬರ್‌ನಲ್ಲಿ ಇಡೀ ಮಾರ್ಗ ತೆರೆದಾಗ ನಾವೆಲ್ಲ ಸಿಹಿ ಹಂಚಿದ್ದೇನೋ ಸರಿ. 2025ರ ಫೆಬ್ರುವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟನ್ನು 60ರಿಂದ 90 ರೂಪಾಯಿ ಮಾಡಿದರು. ಹೋಗಿ ಬರಲು 180. ಈ ಕಡೆಯವರಿಗಿರುವ ಒಂದೇ ಭಾಗ್ಯವೆಂದರೆ ಹತ್ತುವಾಗ ಸೀಟು ಸಿಗುತ್ತದೆ. ಮೆಜೆಸ್ಟಿಕ್ ದಾಟುವಷ್ಟರಲ್ಲಿ ಆ ಸೀಟಿನಿಂದ ಏಳುವುದೇ ಒಂದು ಸಾಹಸ. ಇಳಿದ ಮೇಲೆ ಆಟೊ, ಆಟೊ ಸಿಗದಿದ್ದರೆ ನಡಿಗೆ. ಹೀಗೆ ದಿನಕ್ಕೆ ಮೂರು ನಾಲ್ಕು ಗಂಟೆ ಕಳೆದುಕೊಂಡು ಬಂದವನಿಗೆ ಭಾನುವಾರ ಗಾಡಿಯವನ ಸ್ಪೀಕರು ಕೇಳಿದರೆ ಮೈ ಉರಿಯುತ್ತದೆ. ಉರಿಯಲಿ. ಆದರೆ ಅವನ ಗಂಟೆಗಳನ್ನು ಕದ್ದದ್ದು ಸೊಪ್ಪಿನವಳಲ್ಲವಲ್ಲ.

ಈಗ ನನ್ನ ಹಳೇ ರಾಗ. ‘ಮತ್ತೆ ಎಚ್‌ಎಂಟಿ ಶುರು ಮಾಡಿದಿರಾ’ ಎಂದು ಬೈಯುವ ಓದುಗರು ಮುಂದಿನ ಪ್ಯಾರಾ ಬಿಟ್ಟು ಓದಬಹುದು.

ಇದೇ ಬೆಂಗಳೂರಿನಲ್ಲಿ 1948ರಲ್ಲಿ ಐಟಿಐ ಬಂತು, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಕಾರ್ಖಾನೆಯ ಜೊತೆಗೇ ಕ್ವಾರ್ಟರ್ಸ್ ಕಟ್ಟಿದರು. ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲವೂ ಸೈಕಲ್ ತುಳಿಯುವಷ್ಟು ದೂರದಲ್ಲಿ. ಎಲ್ಲರಿಗೂ ಕ್ವಾರ್ಟರ್ಸ್ ಸಿಗುತ್ತಿರಲಿಲ್ಲ, ಒಪ್ಪಿದೆ. ಸಿಕ್ಕದವರ ಗೊಣಗಾಟ ಕೇಳಿಯೇ ಬೆಳೆದವನು ನಾನು. ಆದರೂ ಸೈರನ್ ಕೂಗಿ ಪಾಳಿ ಬಿಟ್ಟ ಸ್ವಲ್ಪ ಹೊತ್ತಿಗೆ ಅಪ್ಪ ಎಂಬ ಪ್ರಾಣಿ ಬೆಳಕಿರುವಾಗಲೇ ಮನೆಗೆ ಬರುತ್ತಿತ್ತು. ಜಾಲಹಳ್ಳಿಯಲ್ಲಿ ಸಂಜೆಗೆ ನಾಟಕದ ತಾಲೀಮು, ಗಣಪತಿ ಪೆಂಡಾಲು, ಕನ್ನಡ ಸಂಘದ ಜಗಳ. ಗಲಾಟೆಯೋ ಗಲಾಟೆ. ಯಾರೂ ಸುತ್ತೋಲೆ ಹೊರಡಿಸಲಿಲ್ಲ, ಏಕೆಂದರೆ ಗಲಾಟೆ ಮಾಡುತ್ತಿದ್ದವರೇ ಅಲ್ಲಿ ಬದುಕುತ್ತಿದ್ದವರು.

ಅದು ಬೇಡವಾಯಿತು. ಸೈಟು ಒಂದು ದಿಕ್ಕಿನಲ್ಲಿ, ಕೆಲಸ ಇನ್ನೊಂದು ದಿಕ್ಕಿನಲ್ಲಿ ಎಂಬುದು ನಮ್ಮ ನಗರಯೋಜನೆಯಾಯಿತು. ಸರಿ, ಹಾಗಾದರೆ ರೈಲಾದರೂ ಕೊಡಿ. 2022ರ ಜೂನ್ 20ರಂದು ಪ್ರಧಾನಿಯವರು ಇಲ್ಲೇ ಪಕ್ಕದ ಕೊಮ್ಮಘಟ್ಟಕ್ಕೆ ಬಂದು ಉಪನಗರ ರೈಲಿಗೆ ಅಡಿಗಲ್ಲು ಹಾಕಿದರು. ನಲವತ್ತು ವರ್ಷ ಆಗದ್ದನ್ನು ನಲವತ್ತು ತಿಂಗಳಲ್ಲಿ ಮುಗಿಸುವ ಮಾತು. 148 ಕಿಲೋಮೀಟರ್, ನಾಲ್ಕು ಮಾರ್ಗ, ಒಂದಕ್ಕಿಂತ ಒಂದು ಚೆಂದದ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗಬೇಕಾದ್ದು ಪಾರಿಜಾತ. ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ನಮ್ಮ ಪಾರಿಜಾತ ಇನ್ನೂ ಕಾಗದದ ಮೇಲೇ ಅರಳಿಕೊಂಡಿದೆ. ಕೆಂಗೇರಿ ನಿಲ್ದಾಣದಲ್ಲಿ ಇವತ್ತಿಗೂ ನಮ್ಮ ಕೈಹಿಡಿದಿರುವುದು ಮೈಸೂರು ಕಡೆಯಿಂದ ತುಂಬಿ ಬರುವ ಹಳೇ ರೈಲುಗಳೇ. ಅದರಲ್ಲೂ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಮಂಡ್ಯ, ಮದ್ದೂರಿನ ಪಾಸಿನವರ ನಡುವೆ ಒಂದು ಕಾಲಿಡಲು ಜಾಗ ಸಿಕ್ಕರೆ ಪುಣ್ಯ.

ರೈಲಿನ ಬದಲು ನಮಗೀಗ ಇನ್ನೊಂದು ಉಪನಗರ ಕೊಡುತ್ತಾರಂತೆ, ಬಿಡದಿಯಲ್ಲಿ. ಇದೂ ಹೊಸದಲ್ಲ. 2006ರಲ್ಲೇ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದರ ಪಟ್ಟಿ ಓದಿದ್ದರು. ಸರ್ಕಾರಗಳು ಬದಲಾದವು, ಆಗ ಪರ ಇದ್ದವರು ಈಗ ವಿರೋಧ, ಆಗ ವಿರೋಧ ಇದ್ದವರು ಈಗ ಪರ; ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಸಲ ಜೊತೆಗೆ ಒಂದು ಘೋಷವಾಕ್ಯ ಇದೆ: ಕೆಲಸ, ವಾಸ, ವಿಹಾರ ಎಲ್ಲವೂ ಒಂದೇ ಕಡೆ. ಅಂತೂ ಎಚ್‌ಎಂಟಿ ಕಾಲೊನಿಯ ಬುದ್ಧಿ ಎಪ್ಪತ್ತು ವರ್ಷದ ಮೇಲೆ ಬಂತು ಎಂದು ಖುಷಿಪಡೋಣವೆಂದರೆ, ಜಾಗ ನೋಡಿ: ಬೈರಮಂಗಲ, ಕಂಚುಗಾರನಹಳ್ಳಿ. ಅಲ್ಲಿನವರ ಮನೆ, ಹೊಲ, ಹಿಪ್ಪುನೇರಳೆ, ಹಾಲಿನ ಡೇರಿ ಎಲ್ಲವೂ ಈಗಾಗಲೇ ಒಂದೇ ಕಡೆ ಇವೆ. ಕೆಲಸಕ್ಕೆ ನಡೆದೇ ಹೋಗುತ್ತಾರೆ. ಅವರನ್ನು ಎಬ್ಬಿಸಿ ನಮಗೆ ನಡೆದು ಕೆಲಸಕ್ಕೆ ಹೋಗುವ ಊರು ಕಟ್ಟಿಕೊಡುತ್ತಾರೆ. ವೃಷಭಾವತಿಯಲ್ಲಿ ಹರಿದು ನಮ್ಮ ಕಕ್ಕಸಿನ ನೀರು ಎಷ್ಟೋ ವರ್ಷದ ಹಿಂದೆಯೇ ಬೈರಮಂಗಲದ ಕೆರೆ ಸೇರಿದೆ. ಈಗ ಅದರ ಹಿಂದೆಯೇ ನಾವೂ ಹೋಗಿ, ಅಲ್ಲೊಂದು ನಿವಾಸಿಗಳ ಸಂಘ ಕಟ್ಟಿ, ಎಮ್ಮೆ ಕೂಗಬಾರದೆಂದು ಸುತ್ತೋಲೆ ಹೊರಡಿಸುವುದೊಂದು ಬಾಕಿ.